ಪಟ್ಟಿ ತೊಟ್ಟ ಕಾರು

ಆ ಬೆಳಿಗ್ಗೆ ಗಾಳಿ ಎಂಬುದೇ ಇರಲಿಲ್ಲ. ಮೂರು ದಿನ ಹಿಡಿದುಕೊಂಡಿದ್ದ ಜಿಟಿಜಿಟಿ ಮಳೆ ನಸುಕಿನಲ್ಲಿ ಯಾರೋ ನಲ್ಲಿ ತಿರುಗಿಸಿದಂತೆ ನಿಂತುಹೋಗಿ, ಆಕಾಶ ತೊಳೆದು ಬೋರಲು ಹಾಕಿದ ತಟ್ಟೆಯ ಹಾಗೆ ಬೆಳ್ಳಗೆ, ಬಿಸಿಲೂ ಇಲ್ಲದೆ ಮೋಡವೂ ಕಾಣದೆ, ಊರಿನ ಮೇಲೆ ಸುಮ್ಮನೆ ಕೂತಿತ್ತು. ಮನೆಯ ಪಕ್ಕದ ಖಾಲಿ ನಿವೇಶನದಲ್ಲಿ ಕೊಳವೆ ಹೂಳಲೆಂದು ಅಗೆದವರು ಅರ್ಧಕ್ಕೇ ಬಿಟ್ಟುಹೋದ ಮಣ್ಣು ಈಗ ಒಳ್ಳೆಯ ಹದಕ್ಕೆ ಬಂದ ಕೆಸರಾಗಿತ್ತು. ಹಲ್ಲುಮೇಸ್ತ್ರಿ ಎರಡನೇ ಮಹಡಿಯ ಕಿಟಕಿಯಿಂದ ಆ ಕೆಸರನ್ನು ಬಹಳ ಹೊತ್ತು ನೋಡಿದ. ಮಳೆ ನಿಲ್ಲಲಿ ದೇವರೇ ಎಂದು ಮೂರು ದಿನ ಬೇಡಿದವನೂ ಅವನೇ, ಈಗ ಕೆಸರು ಒಣಗದಿರಲಿ ದೇವರೇ ಎಂದು ಬೇಡುತ್ತಿರುವವನೂ ಅವನೇ. ಒಬ್ಬನ ಎರಡು ಬಾಯಿ ಕೇಳಿ ದೇವರಿಗಾದರೂ ಬೇಸರ ಬರುವುದಿಲ್ಲವೇ ಎಂದುಕೊಂಡು, ಬರುವುದಿದ್ದರೆ ಯಾವತ್ತೋ ಬಂದಿರುತ್ತಿತ್ತು ಎಂದು ತಾನೇ ಸಮಾಧಾನ ಮಾಡಿಕೊಂಡ. ಹನ್ನೊಂದು ಗಂಟೆಗೆ ನಾದಿನಿ ಮತ್ತು ಷಡ್ಡಕ ಬರುತ್ತಾರೆ. ಮಾವನ ಮಂಡಿಗೆ ಈ ಮನೆಯ ಮೆಟ್ಟಿಲು ಆಗುವುದಿಲ್ಲ, ಅವರ ಮನೆಗೆ ಲಿಫ್ಟ್ ಇದೆ; ಇನ್ನು ಮುಂದೆ ಮಾವ ಅಲ್ಲಿ. ಅಷ್ಟರೊಳಗೆ ಮೇಜಿನ ಮೇಲಿರುವ ಈ ಕಾರು ಆ ಕೆಸರನ್ನು ದಾಟಬೇಕು. ಮಾವ ಅದನ್ನು ಕಣ್ಣಾರೆ ನೋಡಬೇಕು. ನೋಡಿ, ಹನ್ನೊಂದು ವರ್ಷದಿಂದ ನುಂಗಿಕೊಂಡಿರುವ ಒಂದೇ ಒಂದು ಮಾತು ಆಡಬೇಕು. ಆಡದಿದ್ದರೂ ಪರವಾಗಿಲ್ಲ ಎಂದು ಮನಸ್ಸಿಗೆ ಹೇಳಿನೋಡಿದ. ಮನಸ್ಸು ನಂಬಲಿಲ್ಲ.

ಕಾರು ಮೊಳಕ್ಕೆ ನಾಲ್ಕು ಬೆರಳು ಕಡಿಮೆ ಉದ್ದ. ಮಕ್ಕಳಾಡುವ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಒಂದರ ಮೇಲೊಂದು ಒತ್ತಿ ಕೂರಿಸಿ, ಅಂಟು ಒಂದು ತೊಟ್ಟೂ ಮುಟ್ಟಿಸದೆ ಕಟ್ಟಿದ್ದು. ಹಳೇ ಕಾಲದ ಕಾರು: ಗುಂಡು ದೀಪ, ಉಬ್ಬಿದ ಕೆನ್ನೆಯಂಥ ಮಡ್‌ಗಾರ್ಡು, ಹಿಂದಕ್ಕೆ ಇಳಿಜಾರಾಗುವ ಬೆನ್ನು, ಕಡು ಹಸಿರು ಬಣ್ಣ, ಮುಂದೆ ಹದಿಮೂರು ಬೆಳ್ಳಿ ಕಡ್ಡಿಯ ಬಾಯಿ. ಚಕ್ರ ಇರಬೇಕಾದಲ್ಲಿ ಮಾತ್ರ ಚಕ್ರ ಇರಲಿಲ್ಲ. ಬುಲ್ಡೋಜರಿಗಿರುವಂತೆ ಕೊಂಡಿಗೆ ಕೊಂಡಿ ಸೇರಿಸಿದ ಕಪ್ಪು ಪಟ್ಟಿ, ಎಡಕ್ಕೊಂದು ಬಲಕ್ಕೊಂದು; ಒಂದೊಂದು ಪಟ್ಟಿಗೆ ಒಂದೊಂದು ಮೋಟಾರು; ಬ್ಯಾಟರಿ ಡಿಕ್ಕಿಯೊಳಗೆ; ಕೈಯಲ್ಲಿ ಹಿಡಿಯುವ ರಿಮೋಟಿಗೆ ಎರಡು ಕಡ್ಡಿ. ಮೂರು ತಿಂಗಳ ಕೆಲಸ. ನಿನ್ನೆ ಸಂಜೆ ಮೊದಲ ಸಲ ಎರಡು ಕಡ್ಡಿಗಳನ್ನೂ ಒಟ್ಟಿಗೆ ಮುಂದಕ್ಕೆ ತಳ್ಳಿದಾಗ ಅದು ಮುಂದೆ ಹೋಗಲಿಲ್ಲ. ಗಾಣದ ಎತ್ತಿಗಾದರೂ ಒಂದು ಸುತ್ತಳತೆ ಇರುತ್ತದೆ; ಇದು ನಿಂತ ಜಾಗದಲ್ಲೇ ಗಿರ್ರನೆ ತಿರುಗಿತು. ಬ್ಯಾಟರಿ ತೆಗೆದು ಹಾಕಿದ, ತಿರುಗಿತು. ಪಟ್ಟಿ ಬಿಚ್ಚಿ ಮತ್ತೆ ತೊಡಿಸಿದ, ತಿರುಗಿತು. ಹೆಂಡತಿ ಬಾಗಿಲಿಗೆ ಒರಗಿ ನಿಂತು ನೋಡಿ, “ಇದು ಕಾರಲ್ಲ ರೀ, ನಮ್ಮ ಮನೆತನ. ಎಷ್ಟು ಓಡಿದ್ರೂ ಅಲ್ಲೇ,” ಎಂದು ನಕ್ಕಿದ್ದಳು. ಪಕ್ಕದ ಕೋಣೆಯಲ್ಲಿ ಮಾವ ಕೆಮ್ಮಿದ್ದರು. ಅದು ಕೆಮ್ಮೋ ನಗುವೋ ಎಂದು ಅವನಿಗೆ ಬೆಳಗಿನವರೆಗೂ ಇತ್ಯರ್ಥವಾಗಿರಲಿಲ್ಲ.

ಹಲ್ಲುಮೇಸ್ತ್ರಿ ಎಂಬುದು ಬೀದಿಯವರು ಇಟ್ಟ ಹೆಸರು. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಹಿಂದುಗಡೆ, ಒಂದು ಕಿಟಕಿ, ಒಂದು ದೀಪ, ಒಂದು ನಲ್ಲಿಯ ಕೋಣೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕೂತು ಅವನು ಕಟ್ಟುಹಲ್ಲು ಮಾಡುತ್ತಾನೆ. ಬಾಯಿಯ ಅಚ್ಚು ಬರುತ್ತದೆ, ಮನುಷ್ಯ ಬರುವುದಿಲ್ಲ. ಮೇಣದಲ್ಲಿ ಒಸಡು ಎರೆದು, ಹಲ್ಲು ಒಂದೊಂದಾಗಿ ನಿಲ್ಲಿಸಿ, ಎಡಕ್ಕೆ ಹೇಗೋ ಬಲಕ್ಕೆ ಹಾಗೆ ಹೊಂದಿಸಿ ಕಳಿಸಿದರೆ, ಮುಂದಿನ ಕೋಣೆಯಲ್ಲಿ ಯಾರೋ ಮೊದಲ ಸಲ ಬಾಯಿ ತುಂಬ ಸದ್ದು ಮಾಡಿ ನಕ್ಕದ್ದು ಗೋಡೆಯಾಚೆ ಕೇಳಿಸುತ್ತದೆ. ಇಟ್ಟಿಗೆಗಳು ಬಂದದ್ದೂ ಅಲ್ಲಿಂದಲೇ. ಕಾಯುವ ಕೋಣೆಯಲ್ಲಿ ಮಕ್ಕಳಿಗೆಂದು ಇಟ್ಟಿದ್ದ ನಾಲ್ಕು ಡಬ್ಬ ಹಳೇ ಇಟ್ಟಿಗೆಯನ್ನು ಡಾಕ್ಟರಮ್ಮ ಎಸೆಯಲು ಹೊರಟಾಗ, “ನನಗೆ ಕೊಡಿ,” ಎಂದು ಇವನು ಕೇಳಿದ. ಕೇಳಿದ ಮೇಲೆ ಕಿವಿ ಬಿಸಿಯಾಯಿತು. “ಮೊಮ್ಮಕ್ಕಳಿಗಾ?” ಎಂದರು ಅವರು. ಮೊಮ್ಮಕ್ಕಳಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. “ಹೂಂ,” ಎಂದ. ಆ ಒಂದು ಸುಳ್ಳು ಎಷ್ಟೋ ದಿನ ಹಲ್ಲಿನ ಸಂದಿಯ ನಾರಿನಂತೆ ಕಾಡಿತು. ಡಬ್ಬದಲ್ಲಿ ಮುಕ್ಕಾಲುಪಾಲು ಇಟ್ಟಿಗೆಗೆ ಕಚ್ಚಿದ ಗುರುತು. ಇದು ಆರು ವರ್ಷದ್ದು, ಮುಂದಿನೆರಡು ಬಿದ್ದಿವೆ. ಇದು ಒಂದೂವರೆಯದ್ದು, ಕೋರೆ ಈಗಷ್ಟೇ ಹುಟ್ಟಿದೆ. ಇದೊಂದು ಮಾತ್ರ ದೊಡ್ಡವರದ್ದು, ಯಾವನೋ ಅಪ್ಪ ಹಲ್ಲು ಕೀಳಿಸುವ ಭಯಕ್ಕೆ ಕಚ್ಚಿಕೊಂಡದ್ದು. ಭಯದ ಗುರುತಿದ್ದ ಇಟ್ಟಿಗೆಗಳನ್ನೆಲ್ಲ ಅವನು ಕಾರಿನ ತಳಕ್ಕೆ ಹಾಕಿದ, ಭಾರ ಹೊರುವ ಕಡೆಗೆ. ಮೋಟಾರು, ಪಟ್ಟಿ, ಗೇರುಗಳನ್ನು ಮಾತ್ರ ಅಂಗಡಿಯಿಂದ ತಂದ.

ಈ ಮಾದರಿಯ ಅಸಲು ಕಾರು ಮಾವನದ್ದು. ಬಂದರಿನಲ್ಲಿ ಕ್ರೇನ್ ಓಡಿಸಿ ನಿವೃತ್ತರಾದ ಮೇಲೆ, ಮೂವತ್ತು ವರ್ಷ ಇನ್ನೊಬ್ಬರ ಕಾರನ್ನು ಹಡಗಿನಿಂದ ಎತ್ತಿ ನೆಲಕ್ಕಿಟ್ಟ ಕೈಗೆ ನನ್ನದೂ ಒಂದು ಇರಲಿ ಎಂದು ಕೊಂಡ ಕಾರು. ಕೊಂಡಾಗಲೇ ಅದಕ್ಕೆ ನಲವತ್ತು ದಾಟಿತ್ತು. ಹನ್ನೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ, ಸ್ಟೇಷನ್ನಿನಲ್ಲಿ ಇಳಿಯುವ ನಾದಿನಿಯನ್ನೂ ಷಡ್ಡಕನನ್ನೂ ಕರೆತರಲು ಕೀಲಿಕೈ ಹಲ್ಲುಮೇಸ್ತ್ರಿಯ ಕೈಗೆ ಬಂತು. ದೊಡ್ಡ ರಸ್ತೆ ಇತ್ತು. ಅವನು ಹೊಳೆದಂಡೆಯ ದಾರಿ ಹಿಡಿದ. ಅರ್ಧ ದಾರಿಯಲ್ಲಿ ಕಾರು ಕೆಸರಿನಲ್ಲಿ ಹೂತಿತು, ಗಾಬರಿಗೆ ಆಕ್ಸಲರೇಟರ್ ತುಳಿದ, ಇನ್ನಷ್ಟು ಹೂತಿತು, ತುಳಿದಷ್ಟೂ ಹೂತಿತು. ಸಂಜೆಗೆ ಉಬ್ಬರದ ನೀರು ಬಂದು, ಮೊದಲು ಗುಂಡು ದೀಪಗಳನ್ನು, ಆಮೇಲೆ ಆ ಹದಿಮೂರು ಕಡ್ಡಿಯ ಬಾಯನ್ನು, ಆಮೇಲೆ ಸ್ಟಿಯರಿಂಗನ್ನು ನಿಧಾನವಾಗಿ ನುಂಗುತ್ತಿದ್ದುದನ್ನು ಅವನು ದಡದಲ್ಲಿ ನಿಂತು, ಚಪ್ಪಲಿ ಕೈಯಲ್ಲಿ ಹಿಡಿದು ನೋಡಿದ್ದ. ಸ್ಟೇಷನ್ನಿನಲ್ಲಿ ಐದು ಗಂಟೆ ಕಾದ ಷಡ್ಡಕ ಮನೆಗೆ ಬಂದವನೇ ಎಲ್ಲರ ಎದುರಿಗೆ, “ಹಲ್ಲು ಕೀಳೋ ಇಕ್ಕಳ ತಗೊಂಡ್ಹೋಗಿ ಎಳೀಬೇಕಿತ್ತಣ್ಣಾ, ಬರ್ತಿತ್ತು,” ಎಂದ. ಆ ಮಾತಿಗೆ ಈಗಲೂ ಹಲ್ಲು ಬಿದ್ದಿಲ್ಲ. ಮನೆಯಲ್ಲಿ ನಾಲ್ಕು ಜನ ಸೇರಿದರೆ ಸಾಕು, ಹೊರಗೆ ಬಂದು ಎಲ್ಲರನ್ನೂ ನಗಿಸುತ್ತದೆ. ಅವತ್ತು ಮಾವ ನಗಲಿಲ್ಲ, ಬೈಯಲಿಲ್ಲ. ಗೋಡೆ ನೋಡುತ್ತ ಕೂತಿದ್ದರು. ಅಂದಿನಿಂದ ಅಳಿಯನ ಹತ್ತಿರ ನೇರ ಮಾತಿಲ್ಲ. “ಅವರಿಗೆ ಊಟಕ್ಕೆ ಹೇಳಮ್ಮ,” “ಅವರು ಬಂದ್ರಾ ಕೇಳು.” ಒಂದೇ ಸೂರಿನಡಿ, ಒಂದೇ ಮೇಜಿನಲ್ಲಿ ಉಣ್ಣುತ್ತ, ಅವನು ಹನ್ನೊಂದು ವರ್ಷದಿಂದ ‘ಅವರು’.

ಮಾತಾಡದಿದ್ದುದು ಹೋಗಲಿ. ಅವನನ್ನು ಕೊರೆಯುತ್ತಿದ್ದುದು ಬೇರೆ. ಹೊಳೆದಂಡೆಯ ದಾರಿ ಹಿಡಿ ಎಂದವರು ಮಾವನೇ ಎಂದು ಅವನ ನೆನಪು. ಕೀಲಿಕೈ ಕೊಡುತ್ತ, ಬಾಗಿಲ ಚೌಕಟ್ಟಿಗೆ ಕೈಯಾನಿಸಿ, “ಹೊಳೆದಂಡೆ ದಾರಿ ಸಲೀಸು,” ಎಂದಿದ್ದರು. ಅದನ್ನು ಅವತ್ತೇ ಎಲ್ಲರ ಎದುರು ಹೇಳಿಬಿಡಬಹುದಿತ್ತು. ಮುಳುಗಿದ ಕಾರಿನ ಯಜಮಾನ ಗೋಡೆ ನೋಡುತ್ತಿದ್ದಾಗ ಅವರ ಮೇಲೆಯೇ ತಪ್ಪು ಹೊರಿಸುವುದು ಹೇಗೆಂದು ಸುಮ್ಮನಾದ. ಅವರೇ ಹೇಳುತ್ತಾರೆ, ನಾಳೆ ಹೇಳುತ್ತಾರೆ ಎಂದು ಕಾದ. ನಾಳೆಗಳು ಹೋದವು. ಎರಡು ವರ್ಷ ಕಳೆದು ಮಾವನ ಹಲ್ಲೆಲ್ಲ ಹೋಗಿ, ಇವನೇ ಕಟ್ಟಿಕೊಟ್ಟ ಹಲ್ಲು ಬಂತು. ಮೇಲಿನ ಸಾಲು ಕೂದಲೆಳೆಯಷ್ಟು ಮುಂದೆ ಬಂದು, ‘ಸ’ ಅನ್ನುವಾಗೆಲ್ಲ ಸಣ್ಣಗೆ ಶಿಳ್ಳೆ ಹೊಡೆಯುತ್ತಿತ್ತು. ತಿದ್ದಿಕೊಡುತ್ತೇನೆ ಎಂದರೆ, “ಇರಲಿ ಅಂತ ಹೇಳಮ್ಮ, ಅಭ್ಯಾಸ ಆಗಿದೆ,” ಎಂದರು. ಅದಾದ ಒಂದು ದಿನ, ಮೇಣ ಕಾಯಿಸುತ್ತ ಕೂತಿದ್ದ ಹಲ್ಲುಮೇಸ್ತ್ರಿಗೆ ಥಟ್ಟನೆ ಹೊಳೆಯಿತು: ನೆನಪಿನ ಆ ಮಾತಿನಲ್ಲೂ ಶಿಳ್ಳೆ ಇತ್ತು. ‘ಸಲೀಸು’ ಎಂಬಲ್ಲಿ ಎರಡು ಸಲ. ಆದರೆ ಆ ಮಧ್ಯಾಹ್ನ ಮಾವನ ಬಾಯಲ್ಲಿದ್ದುದು ಸ್ವಂತ ಹಲ್ಲು, ಶಿಳ್ಳೆ ಹೇಗೆ ಬಂತು? ಹಾಗಾದರೆ ಅವರು ಅದನ್ನು ಹೇಳಲೇ ಇಲ್ಲವೇ? ತಪ್ಪನ್ನು ಹೊರಲಾರದ ತನ್ನ ಬುದ್ಧಿಯೇ, ಅಚ್ಚಿನಲ್ಲಿ ಹಲ್ಲು ಎರೆದಂತೆ, ಆ ಬಾಯಿಗೆ ಒಂದು ಮಾತನ್ನು ಎರೆದು ಕೂರಿಸಿತೇ? ಆ ಬಾಯಿಯ ಅಗಲ ಗೊತ್ತು, ಆಳ ಗೊತ್ತು, ಅಂಗುಳದ ಗೆರೆಗೆರೆಯೂ ಗೊತ್ತು. ಅಲ್ಲಿಂದ ಆ ಒಂದು ಮಾತು ಹೊರಟಿತ್ತೋ ಇಲ್ಲವೋ, ಅದು ಗೊತ್ತಿಲ್ಲ. ಕೇಳಲು ಧೈರ್ಯವಿಲ್ಲ. ಹೇಳಿಲ್ಲ ಅಂದುಬಿಟ್ಟರೆ?

“ಏನ್ರೀ, ಕಿಟಕಿ ಹತ್ರ ಮೊಳಕೆ ಬರ್ತಿದ್ದೀರಾ? ಚಹಾ ಆರ್ತಿದೆ,” ಎಂದು ಹೆಂಡತಿ ಕೂಗಿದಳು. ಬಟ್ಟೆಯ ಗಂಟು, ಔಷಧದ ಡಬ್ಬ, ಮಾವನ ಬಿಸಿನೀರಿನ ಚೀಲ, ಎಲ್ಲವನ್ನೂ ಬಾಗಿಲ ಬಳಿ ಒಟ್ಟುತ್ತಿದ್ದಳು. ಅಪ್ಪ ಹೋಗುತ್ತಿರುವ ಸಂಕಟಕ್ಕೆ ಅವಳು ಎಂದಿಗಿಂತ ಹೆಚ್ಚು ತಮಾಷೆ ಮಾಡುತ್ತಿದ್ದಳು. “ಮೂರು ತಿಂಗಳು ಆ ಕಾರನ್ನ ನೋಡಿದಷ್ಟು ನನ್ನ ಮುಖ ನೋಡಿದ್ರೆ ನಾನೂ ಗಿರ್ರಂತ ತಿರುಗ್ತಿದ್ದೆ.”

“ನೀನು ತಿರುಗಿದ್ರೆ ಮನೆ ಯಾರು ನೋಡ್ಕೋತಾರೆ.”

“ಹಾ, ಅದಕ್ಕೇ ನಿಂತಿದ್ದೀನಿ.” ಅವಳು ಚಹಾ ಇಟ್ಟು, ದನಿ ತಗ್ಗಿಸಿದಳು. “ಓಡದಿದ್ರೂ ಕೊಟ್ಟುಬಿಡಿ ಅಪ್ಪನಿಗೆ. ಶೋಕೇಸಲ್ಲಿ ಇಟ್ಕೋತಾರೆ.”

ಶೋಕೇಸು ಎಂಬ ಮಾತು ಅವನಿಗೆ ಚುಚ್ಚಿತು. ಓಡದ ಕಾರನ್ನು ಇನ್ನೊಂದು ಸಲ ಅವರ ಕೈಗಿಡುವುದೇ?

ಬೆಳಿಗ್ಗೆ ಎದ್ದೊಡನೆ ಮಾವ ಹಲ್ಲನ್ನು ಗಾಜಿನ ಲೋಟದಲ್ಲಿಟ್ಟು ಸ್ನಾನದ ಮನೆಯ ಕಟ್ಟೆಯ ಮೇಲೆ ಬಿಡುತ್ತಾರೆ. ಅಳಿಯ ಅದನ್ನು ತಿಕ್ಕಿ ತೊಳೆದು ಅಲ್ಲಿಯೇ ಇಡುತ್ತಾನೆ. ಅವರು ಬಂದು ಹಾಕಿಕೊಳ್ಳುತ್ತಾರೆ. ಯಾರೂ ಯಾರಿಗೂ ಹೇಳಿದ್ದಲ್ಲ, ಒಂಬತ್ತು ವರ್ಷದಿಂದ ನಡೆದುಬಂದಿದೆ. ಮಾತಿಲ್ಲದ ಇಬ್ಬರ ನಡುವೆ ದಿನಕ್ಕೊಮ್ಮೆ ಹಲ್ಲು ಓಡಾಡುತ್ತದೆ. ನಾಳೆಯಿಂದ ಇದೂ ಇಲ್ಲ ಎಂದುಕೊಂಡು ಹಲ್ಲುಮೇಸ್ತ್ರಿ ಅವತ್ತು ಸ್ವಲ್ಪ ಹೆಚ್ಚೇ ಹೊತ್ತು ತೊಳೆದ. ಮೇಲಿನ ಸಾಲನ್ನು ನಲ್ಲಿಯ ಕೆಳಗೆ ಹಿಡಿದು, ಎರಡು ಹೆಬ್ಬೆರಳಿನಿಂದ ಎರಡು ಬದಿಯ ದವಡೆಹಲ್ಲುಗಳನ್ನು ಉಜ್ಜುತ್ತಿದ್ದ. ಎಡಗೈಯ ಹೆಬ್ಬೆರಳು ಹೊರಮುಖವಾಗಿ ಸುತ್ತುತ್ತಿತ್ತು, ಬಲಗೈಯದ್ದೂ ಹೊರಮುಖವಾಗಿ. ಎಡಕ್ಕೆ ಹೇಗೋ ಬಲಕ್ಕೆ ಹಾಗೆ. ಅವನ ಕೈ ನಿಂತಿತು. ನೀರು ಸುರಿಯುತ್ತಲೇ ಇತ್ತು. ಮತ್ತೆ ಸುತ್ತಿಸಿದ. ಒಂದು ಹೆಬ್ಬೆರಳು ಗಡಿಯಾರದ ಮುಳ್ಳಿನಂತೆ ಹೋದರೆ ಇನ್ನೊಂದು ಅದಕ್ಕೆ ಎದುರಾಗಿ ಹೋಗುತ್ತಿತ್ತು. ನೋಡುವುದಕ್ಕೆ ಅಚ್ಚುಕಟ್ಟು ಜೋಡಿ. ನಡೆ ಮಾತ್ರ ಒಂದಕ್ಕೊಂದು ವಿರುದ್ಧ.

“ಅಯ್ಯೋ ದಡ್ಡ!” ಎಂದು ಅವನು ನಲ್ಲಿಗೆ ಹೇಳಿದ.

ಬೇರೆ ಯಾರೇ ಕಟ್ಟಿದ್ದರೂ ಈ ತಪ್ಪು ಆಗುತ್ತಿರಲಿಲ್ಲವೇನೋ. ಇಪ್ಪತ್ತೆಂಟು ವರ್ಷ ಕಟ್ಟುಹಲ್ಲು ನಿಲ್ಲಿಸಿದ ಕೈ ಅದು. ಒಂದು ಬದಿ ಆದಮೇಲೆ ಇನ್ನೊಂದು ಬದಿಯನ್ನು ಕನ್ನಡಿಯಲ್ಲಿ ಕಂಡಂತೆಯೇ ಕೂರಿಸುತ್ತದೆ, ಯೋಚಿಸುವುದಿಲ್ಲ. ಎಡ ಮೋಟಾರು ಹೊರಗೆ ಮುಖ ಮಾಡಿ ಕೂತಿತ್ತು, ಬಲ ಮೋಟಾರನ್ನೂ ಹೊರಗೆ ಮುಖ ಮಾಡಿಸಿ ಕೂರಿಸಿತ್ತು. ಎರಡಕ್ಕೂ ‘ಮುಂದೆ’ ಅಂದರೆ ಎರಡೂ ತಮ್ಮ ತಮ್ಮ ಮುಂದಕ್ಕೆ ಹೋದವು. ಒಂದರ ಮುಂದು ಇನ್ನೊಂದರ ಹಿಂದು. ಕಾರು ತಿರುಗದೆ ಇನ್ನೇನು ಮಾಡೀತು ಪಾಪ. ಅವನಿಗೆ ನಗು ಬಂತು. ಹಲ್ಲನ್ನು ಲೋಟಕ್ಕೆ ಬಿಟ್ಟು ಹೊರಗೆ ಬಂದರೆ, ಬಾಗಿಲ ಹೊರಗೆ ಮಾವ ಕೋಲೂರಿ ಕಾಯುತ್ತಿದ್ದರು. ಹಲ್ಲಿಲ್ಲದ ಬಾಯಿ ಒಳಕ್ಕೆ ಕುಸಿದು, ಮುಖ ಮುಚ್ಚಿದ ಚೀಲದಂತಿತ್ತು. ಅಳಿಯನ ನಗುವನ್ನೂ ಒದ್ದೆ ಹೆಬ್ಬೆರಳುಗಳನ್ನೂ ಒಂದು ಗಳಿಗೆ ನೋಡಿ, ಒಳಗೆ ಹೋದರು.

ಗಂಟೆ ಒಂಬತ್ತೂವರೆ. ಬಲಗಡೆ ಮೋಟಾರಿಗೂ ಪಟ್ಟಿಗೂ ನಡುವೆ ಒಂದು ಗೇರು ಹೆಚ್ಚಿಗೆ ಹಾಕಿದರೆ ತಿರುಗುವ ದಿಕ್ಕು ಬದಲಾಗುತ್ತದೆ. ಗೇರು ಇತ್ತು, ಜಾಗ ಇರಲಿಲ್ಲ. ಹಿಂದಿನ ಸೀಟಿನ ಕೆಳಗಷ್ಟೇ ಎರಡು ಬೆರಳಗಲ ಸಿಗುತ್ತಿತ್ತು. ಅದಕ್ಕೆ ಸೀಟು ಬಿಚ್ಚಬೇಕು, ಸೀಟಿಗೆ ಚಾವಣಿ ಬಿಚ್ಚಬೇಕು. ಮೂರು ತಿಂಗಳ ಹಸಿರನ್ನು ಅವನು ಉಗುರಿನಿಂದ ಎಬ್ಬಿಸತೊಡಗಿದ. ಟಕ್, ಟಕ್ ಎಂದು ಇಟ್ಟಿಗೆಗಳು ಎದ್ದು ಬಂದವು. ಮುಳುಗಿದ ಕಾರನ್ನು ಮರುದಿನ ಎಳೆದು ತಂದಾಗಲೂ ಹೀಗೆಯೇ ಚಾವಣಿಯ ಬಟ್ಟೆಯನ್ನು ಕಿತ್ತು ಹಾಕಿದ್ದರು. ಒಳಗಿಂದ ನೀರು, ಒಂದು ಏಡಿ, ಮಾವನ ಕನ್ನಡಕದ ಡಬ್ಬಿ. ಏಡಿಯನ್ನು ನೋಡಿ ಷಡ್ಡಕ, “ಹೊಸ ಡ್ರೈವರ್ರು,” ಎಂದಿದ್ದ. ಆಗಲೂ ಎಲ್ಲರೂ ನಕ್ಕರು. ಈಗ ನೆನೆದರೆ ಆ ಮಾತು ನಿಜಕ್ಕೂ ಚೆನ್ನಾಗಿತ್ತು. ಒಂಟಿಯಾಗಿ, ಬಿಚ್ಚಿದ ಕಾರಿನ ಮುಂದೆ, ಹಲ್ಲುಮೇಸ್ತ್ರಿ ಹನ್ನೊಂದು ವರ್ಷ ತಡವಾಗಿ ಆ ಏಡಿಗೆ ನಕ್ಕ. ಗೇರು ಕೂತಿತು. ಸೀಟು ಕೂತಿತು, ಒಂದು ಸಾಲು ತೆಳ್ಳಗಾಗಿ. ಚಾವಣಿ ಕೂತಿತು. ಎರಡು ಕಡ್ಡಿಗಳನ್ನೂ ಹೆದರುತ್ತ ಹೆದರುತ್ತ ತಳ್ಳಿದ. ಕಾರು ಮೇಜಿನ ಮೇಲೆ ಒಂದು ಗೇಣು, ನೆಟ್ಟಗೆ, ಗೆರೆ ಎಳೆದಂತೆ ಮುಂದೆ ಹೋಯಿತು.

ಹೋಯಿತು, ಆದರೆ ಕಿರ್ ಎಂದಿತು. ಬಲ ಪಟ್ಟಿ ಮೇಲುಗಡೆ ಎಲ್ಲೋ ಮಡ್‌ಗಾರ್ಡಿಗೆ ತಾಗುತ್ತಿತ್ತು. ಒಣ ಮೇಜಿನ ಮೇಲೆ ಕಿರ್ ಎಂದದ್ದು ಕೆಸರಿನಲ್ಲಿ ನಿಂತೇ ಬಿಡುತ್ತದೆ. ಎಲ್ಲಿ ಎಂದು ಕಣ್ಣಿಗೆ ಕಾಣಿಸುವುದಿಲ್ಲ, ಕೂದಲೆಳೆಯ ಲೆಕ್ಕ. ಆಗ ಅವನು ತನ್ನ ಕೆಲಸದ ಚೀಲ ತೆರೆದು ನೀಲಿ ಕಾಗದದ ಪಟ್ಟಿ ತೆಗೆದ. ಹೊಸ ಹಲ್ಲು ಹಾಕಿದವರ ಬಾಯಲ್ಲಿ ಅದನ್ನಿಟ್ಟು ಕಚ್ಚಿಸುತ್ತಾರೆ. ಎಲ್ಲಿ ಹಲ್ಲು ಎತ್ತರವಾಗಿ ತಾಗುತ್ತದೋ ಅಲ್ಲಿ ನೀಲಿ ಚುಕ್ಕೆ ಬೀಳುತ್ತದೆ. ಕಾರಿನ ಪಟ್ಟಿಗೂ ಮಡ್‌ಗಾರ್ಡಿಗೂ ನಡುವೆ ಕಾಗದ ತೂರಿಸಿ, “ಹಾ, ಕಚ್ಚಿ,” ಎಂದು ಅಭ್ಯಾಸಬಲದಿಂದ ಹೇಳಿ, ಕಡ್ಡಿ ತಳ್ಳಿದ. ಬಿಚ್ಚಿ ನೋಡಿದರೆ, ಒಂದೇ ಒಂದು ಇಟ್ಟಿಗೆಯ ಅಂಚಿನಲ್ಲಿ ಎಳ್ಳಿನಷ್ಟು ನೀಲಿ. ದಪ್ಪದ್ದನ್ನು ತೆಗೆದು ತೆಳ್ಳನೆಯದನ್ನು ಕೂರಿಸಿದ. ಪಟ್ಟಿಯ ಬಿಗಿಯನ್ನು ಬೆರಳಿನಿಂದ ಒತ್ತಿ ನೋಡಿದ. ಬಿಗಿಯಾದ ಹಲ್ಲು ಒಸಡು ಕೊಯ್ಯುತ್ತದೆ, ಸಡಿಲಾದದ್ದು ಸಭೆಯಲ್ಲಿ ಮಾನ ಕಳೆಯುತ್ತದೆ. ನಡುವಿನ ಒಂದು ಅಳತೆ ಇದೆ, ಅದನ್ನು ಯಾವ ಪುಸ್ತಕವೂ ಹೇಳುವುದಿಲ್ಲ, ಬೆರಳಿಗೆ ದೇವರು ಹೇಳುತ್ತಾನೆ. ಒಂದು ಕೊಂಡಿ ಹೆಚ್ಚಿಗೆ ಸೇರಿಸಿದ. ಈಗ ಕಾರು ಕಿರ್ ಎನ್ನಲಿಲ್ಲ. ನಿದ್ದೆಯಲ್ಲಿ ಉಸಿರಾಡುವ ಮಗುವಿನಂತೆ ಸಣ್ಣಗೆ ಗುಂಯ್‌ಗುಟ್ಟುತ್ತ ಮೇಜಿನ ಈ ತುದಿಯಿಂದ ಆ ತುದಿಗೆ ಹೋಯಿತು, ಬಂತು, ಹೋಯಿತು. ಯಾರಿಗೆ ಕೂಗಿ ಹೇಳಲಿ ಎಂದು ಅವನಿಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿ ಕೈಮುಗಿದು ನಿಂತ. ಏನೂ ಬೇಡಲಿಲ್ಲ.

ಕೆಳಗೆ ಹಾರ್ನು ಮೊಳಗಿತು. ಷಡ್ಡಕ ಮೆಟ್ಟಿಲೇರುವ ಮೊದಲೇ ಅವನ ದನಿ ಏರಿ ಬರುತ್ತದೆ. ಅವನದು ಟೈರಿನ ಅಂಗಡಿ. ಕೈಯಲ್ಲೂ ಮಾತಿನಲ್ಲೂ ಗಾಳಿ ತುಂಬಿಯೇ ಇರುತ್ತದೆ. ಒಳಗೆ ಬಂದವನು ಗಂಟುಮೂಟೆ ನೋಡಲಿಲ್ಲ, ಮೇಜು ನೋಡಿದ. ನೋಡಿ, ಒಂದು ಗಳಿಗೆ, ಬಾಯಿ ತೆರೆದುಕೊಂಡೇ ನಿಂತ.

“ಅಣ್ಣಾ, ಇದು ಮಾವನ ಕಾರಲ್ವಾ?” ಎಂದ. ಆಮೇಲೆ ಬಗ್ಗಿ ಕೆಳಗೆ ನೋಡಿ, “ಟೈರ್ ಎಲ್ಲಿ? ಏನಣ್ಣಾ, ನನ್ನ ವ್ಯಾಪಾರಕ್ಕೇ ಮಣ್ಣು ಹಾಕ್ತಿದ್ದೀರಲ್ಲ!”

“ಮಣ್ಣಿಗೇ ಮಾಡಿದ್ದು ಇದು,” ಎಂದ ಹಲ್ಲುಮೇಸ್ತ್ರಿ. ತನ್ನ ಬಾಯಿಂದಲೇ ಬಂತೇ ಎಂದು ಅವನಿಗೇ ಆಶ್ಚರ್ಯ. “ಕೆಳಗೆ ಬನ್ನಿ, ತೋರಿಸ್ತೀನಿ.”

ನಾದಿನಿ ಅಕ್ಕನ ಕುತ್ತಿಗೆಗೆ ಬಿದ್ದು, “ಭಾವನಿಗೇನಾಗಿದೆಯೇ, ಮುಖ ಒಂಥರಾ ಇದೆ,” ಎಂದಳು. “ಕಾರು ಓಡ್ತಂತೆ,” ಎಂದಳು ಹೆಂಡತಿ, ಮೂರು ತಿಂಗಳು ತಾನೇ ಹೊತ್ತವಳಂತೆ. ಮಾವನನ್ನು ಇಬ್ಬರು ಹೆಣ್ಣುಮಕ್ಕಳು ಆಚೀಚೆ ಹಿಡಿದು ಮೆಟ್ಟಿಲಿಳಿಸಿದರು. ಪ್ರತಿ ಮೆಟ್ಟಿಲಿಗೂ ನಿಂತು ಇಳಿದರು ಅವರು. ಹಿಂದೆ ಕಾರನ್ನು ಎರಡು ಕೈಯಲ್ಲಿ ಎತ್ತಿಕೊಂಡು ಹಲ್ಲುಮೇಸ್ತ್ರಿಯೂ ಪ್ರತಿ ಮೆಟ್ಟಿಲಿಗೂ ನಿಂತ. ಆ ಬೆನ್ನು ಮೊದಲು ಎಷ್ಟು ಅಗಲವಿತ್ತು. ಕೆಸರಿನ ಅಂಚಿನಲ್ಲಿ ಕುರ್ಚಿ ಹಾಕಿ ಅವರನ್ನು ಕೂರಿಸಿದರು. ಆಚೆ ಅಂಚಿಗೆ ಇಪ್ಪತ್ತು ಹೆಜ್ಜೆ. ನಡುವೆ ಕೊಳವೆಯ ಗುಂಡಿ ಕುಸಿದು ಒಂದು ತಗ್ಗಾಗಿ, ಅದರಲ್ಲಿ ಕೆಸರು ಗಂಜಿಯಂತೆ ನಿಂತಿತ್ತು. ಅವನು ಕಾರನ್ನು ಮಣ್ಣಿಗಿಟ್ಟ. ಹಸಿರು ಮೈಗೆ ಬೆಳ್ಳನೆ ಆಕಾಶ ಬಿತ್ತು. ಮಾವ ಕೋಲಿನ ಮೇಲೆ ಗಲ್ಲವೂರಿ ನೋಡುತ್ತಿದ್ದರು.

ಅವನು ತಳ್ಳಿದ. ಪಟ್ಟಿಗಳು ಕೆಸರನ್ನು ಕಚ್ಚಿದವು. ಕಾರು ಹೊರಟಿತು, ಅವಸರವಿಲ್ಲದೆ, ಸಂಜೆ ವಾಯುವಿಹಾರಕ್ಕೆ ಹೊರಟ ಯಜಮಾನನಂತೆ. ಹಿಂದೆ ಎರಡು ಸಾಲು ಹೊಲಿಗೆ ಹಾಕುತ್ತ ಹೋಯಿತು. “ಎಲಾ ಇದರ!” ಎಂದ ಷಡ್ಡಕ. ಐದು ಹೆಜ್ಜೆ, ಎಂಟು ಹೆಜ್ಜೆ. ತಗ್ಗಿಗೆ ಮೂತಿ ಇಳಿಸಿತು. ಹದಿಮೂರು ಕಡ್ಡಿಯ ಬಾಯಿಗೆ ಕೆಸರು ಮೆತ್ತಿತು. ಗುಂಯ್‌ಕಾರ ದಪ್ಪಗಾಯಿತು, ಇನ್ನೂ ದಪ್ಪಗಾಯಿತು. ಕಾರು ನಿಂತಿತು. ಮೂತಿ ಒಂದು ಬೆರಳು ಕೆಳಗೆ ಹೋಯಿತು.

“ಇಕ್ಕಳ ತರ್ಲಾ ಅಣ್ಣಾ?” ಎಂದ ಷಡ್ಡಕ. ನಾದಿನಿ ಫಕ್ಕನೆ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡಳು.

ಹಲ್ಲುಮೇಸ್ತ್ರಿಯ ಹೆಬ್ಬೆರಳುಗಳು ಕಡ್ಡಿಯ ಮೇಲೆ ಒತ್ತಿಕೊಂಡೇ ಇದ್ದವು. ಒತ್ತು, ಇನ್ನೂ ಒತ್ತು ಎನ್ನುತ್ತಿತ್ತು ಕೈ. ಕಾಲ ಕೆಳಗೆ ಆಕ್ಸಲರೇಟರ್, ಗಾಜಿನ ಆಚೆ ಹೊಳೆ, ನೀರು ಇನ್ನೂ ದೂರದಲ್ಲಿದೆ, ತುಳಿದರೆ ಹೊರಬರುತ್ತದೆ, ತುಳಿ. ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತಿದ್ದ ಆ ಸದ್ದು ಹನ್ನೊಂದು ವರ್ಷ ಅವನ ಕಿವಿಯಲ್ಲಿ ನಿಂತಿರಲಿಲ್ಲ. ತಾನು ಮಾಡಿದ ತಪ್ಪು ದಾರಿಯದ್ದಲ್ಲ ಎಂದು ಅವನಿಗೆ ಅಲ್ಲಿ, ಆ ಬಿಳಿ ಬೆಳಕಿನಲ್ಲಿ, ತಣ್ಣಗೆ ಹೊಳೆಯಿತು. ದಾರಿ ಯಾರು ಹೇಳಿದ್ದಾದರೂ ಆಗಲಿ. ಬಿಡಬೇಕಾದಾಗ ಬಿಡದೆ ತುಳಿದದ್ದು ತನ್ನದು. ಅದನ್ನು ಒಪ್ಪಿಕೊಂಡದ್ದೇ ತಡ, ಭುಜದಿಂದ ಏನೋ ಇಳಿಯಿತು. ಅವನು ಎರಡು ಹೆಬ್ಬೆರಳುಗಳನ್ನೂ ಎತ್ತಿದ. ಗುಂಯ್‌ಕಾರ ನಿಂತಿತು. ಎಲ್ಲರೂ ಮುಗಿಯಿತು ಅಂದುಕೊಂಡರು. ಅವನು ಒಂದು ಉಸಿರು ತೆಗೆದುಕೊಂಡು, ಎಡಗಡೆಯ ಕಡ್ಡಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆದು, ಬಲಗಡೆಯದನ್ನು ಮೆಲ್ಲಗೆ ಮುಂದಕ್ಕೆ ತಳ್ಳಿದ. ಆಮೇಲೆ ಇದನ್ನು ಹಿಂದೆ, ಅದನ್ನು ಮುಂದೆ. ಬೇರು ಬಿಟ್ಟ ಹಲ್ಲನ್ನು ಡಾಕ್ಟರಮ್ಮ ಎಳೆಯುವುದಿಲ್ಲ, ಆಡಿಸುತ್ತಾರೆ. ಕಾರು ಕೆಸರಿನಲ್ಲಿ ಮೈ ಆಡಿಸಿತು. ಬದಿಯಲ್ಲಿ ಒಂದು ಗುಳ್ಳೆ ಒಡೆಯಿತು. ಪಟ್ಟಿಯ ಕೆಳಗೆ ಎಲ್ಲೋ ಗಟ್ಟಿ ನೆಲ ಸಿಕ್ಕಿತು. ಆಗ ಎರಡನ್ನೂ ಸೇರಿಸಿ, ಕೂಸಿನ ಬೆನ್ನು ತಟ್ಟಿದಷ್ಟೇ ಮೆತ್ತಗೆ, ಮುಂದಕ್ಕೆ.

ಮೂತಿ ಮೇಲೆದ್ದಿತು. ಬಾಯಿಯಿಂದ ಕೆಸರು ಸುರಿಸುತ್ತ, ಗುಂಡು ದೀಪಗಳೆರಡೂ ಮುಚ್ಚಿ ಕುರುಡಾಗಿ, ಕಾರು ತಗ್ಗಿನಿಂದ ಏರಿ ಬಂತು. ಏರಿತು, ಏರಿತು, ಆಚೆ ಅಂಚಿನ ಹುಲ್ಲಿನ ಮೇಲೆ ಹೋಗಿ ನಿಂತಿತು.

“ಬಂತು! ಬಂತು ಕಣ್ರೀ ಬಂತು!” ಎಂದು ಕುಣಿದವನು ಷಡ್ಡಕನೇ. ಚಪ್ಪಲಿ ಸಮೇತ ಕೆಸರಿಗೆ ಇಳಿದು, ಮಂಡಿಯವರೆಗೆ ಹೂತು, “ಅಣ್ಣಾ, ನನ್ನನ್ನೂ ಎಳೀರಿ!” ಎಂದು ಕೂಗಿದ. ಹೆಂಡತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಲ್ಲುಮೇಸ್ತ್ರಿ ಕಾರನ್ನು ಅಲ್ಲಿಯೇ ತಿರುಗಿಸಿದ. ನಿನ್ನೆ ಶಾಪವಾಗಿದ್ದ ಆ ತಿರುಗು ಈಗ ಬೇಕೆಂದಾಗ ಬಂತು. ಅದು ಅದೇ ತಗ್ಗನ್ನು ಎರಡನೇ ಸಲ, ನಿಲ್ಲದೆ, ಷಡ್ಡಕನ ಕಾಲ ಪಕ್ಕದಲ್ಲೇ ಹಾದು, ದಾಟಿ ಬಂದು ಮಾವನ ಕುರ್ಚಿಯ ಮುಂದೆ ನಿಂತಿತು. ಗೆದ್ದವನ ಎದೆ ಹೇಗಿರುತ್ತದೆ ಎಂದು ಅವನಿಗೆ ಈ ವಯಸ್ಸಿನವರೆಗೆ ಗೊತ್ತಿರಲಿಲ್ಲ. ಒಳಗೆ ಯಾರೋ ಬಾಗಿಲುಗಳನ್ನೆಲ್ಲ ತೆರೆದಿಟ್ಟು ಹೋದ ಮನೆಯ ಹಾಗಿತ್ತು. ನೆನಪಿನ ಆ ಮಾತು ನಿಜವೋ ತಾನು ಎರೆದದ್ದೋ ಎಂಬುದು ಕೂಡ ಆ ತೆರೆದ ಮನೆಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಸುಮ್ಮನೆ ಕೂತಿತ್ತು. ಅವನು ಕಾರನ್ನೆತ್ತಿ, ಅಂಗಿಯ ತುದಿಯಿಂದ ಗುಂಡು ದೀಪಗಳನ್ನು ಒರೆಸಿ, ಮಾವನ ತೊಡೆಯ ಮೇಲಿಟ್ಟ.

“ನಿಮ್ದು, ಮಾವ,” ಎಂದ.

ಮಾವ ಅದನ್ನು ಹಿಡಿದರು. ಬಿಳಿ ಪಂಚೆಗೆ ಕೆಸರು ಹತ್ತಿತು, ನಾದಿನಿ “ಅಪ್ಪಾ, ಬಟ್ಟೆ!” ಎಂದಳು, ಅವರು ಕೇಳಿಸಿಕೊಳ್ಳಲಿಲ್ಲ. ಹದಿಮೂರು ಕಡ್ಡಿಗಳನ್ನು ಉಗುರಿನಿಂದ ಒಂದೊಂದಾಗಿ ಮುಟ್ಟಿ ಎಣಿಸಿದರು. ಬೆನ್ನ ಇಳಿಜಾರಿನ ಮೇಲೆ ಅಂಗೈ ಆಡಿಸಿದರು. ಕಿಟಕಿಯೊಳಗೆ ಒಂದು ಕಣ್ಣಿಟ್ಟು, ತೆಳ್ಳಗಾದ ಹಿಂದಿನ ಸೀಟನ್ನು ಬಹಳ ಹೊತ್ತು ನೋಡಿದರು. ಷಡ್ಡಕ ಕೆಸರಿನಿಂದ ಕಾಲು ಕಿತ್ತುಕೊಂಡು ಬಂದು, ಉಸಿರು ಬಿಡುತ್ತ, ನಗುತ್ತ, “ಮಾವ, ಅವತ್ತೇ ಇಂಥಾ ಪಟ್ಟಿ ಇದ್ದಿದ್ರೆ, ಅಣ್ಣ ದಾರಿ ತಪ್ಪಿ ಹೋದ್ರೂ ನಿಮ್ಮ ಕಾರು ಮನೆಗೆ ಬರ್ತಿತ್ತು ಬಿಡಿ,” ಎಂದ.

ಮಾವ ಕಾರಿನಿಂದ ಕಣ್ಣೆತ್ತಲಿಲ್ಲ. ದನಿಯನ್ನೂ ಎತ್ತಲಿಲ್ಲ, ಹೆಂಡತಿ, ನಾದಿನಿ, ಷಡ್ಡಕ, ಮೂವರೂ ಕಿವಿಗೊಟ್ಟು ಬಗ್ಗಬೇಕಾಯಿತು.

“ಅವರು ದಾರಿ ತಪ್ಪಲಿಲ್ಲಪ್ಪ. ಹೊಳೆದಂಡೇಲಿ ಹೋಗಿ ಅಂತ ಕಳಿಸಿದ್ದು ನಾನು. ಬೇಡ ಮಾವ, ದೊಡ್ಡ ರಸ್ತೇಲಿ ಹೋಗ್ತೀನಿ ಅಂತ ಎರಡು ಸಲ ಅಂದ್ರು,” ಎಂದರು. ಬೇಡ ಎಂದದ್ದು ಹಲ್ಲುಮೇಸ್ತ್ರಿಗೇ ನೆನಪಿರಲಿಲ್ಲ. ಮಾವ ತಲೆಯೆತ್ತಿ, ಮಗಳ ಕಡೆಗಲ್ಲ, ನೇರ ಅವನ ಮುಖ ನೋಡಿ, “ಎರಡು ಸಲ ಅಂದ್ರಿ ನೀವು, ಅಳಿಯಂದ್ರೇ,” ಎಂದರು.